ಅವ್ವನ ಮೊಣಕಾಲು, ಅಣ್ಣನ ಅಂಜಿಕೆ

ಪ್ರಶ್ನೆ: ನನ್ನ ತವರುಮನಿ ಇಳಕಲ್ಲ, ಕೊಟ್ಟದ್ದು ಬಾದಾಮಿಗೆ. ನಮ್ಮವ್ವಗ ಈಗ 53 ವರ್ಷ. ಸಣ್ಣಾಕಿ ಇದ್ದಾಗಿಂದ ಕುಣಿಮಗ್ಗದ ಕೆಲಸ ಮಾಡಿದಾಕಿ. ಹದಿನಾಲ್ಕು ವರ್ಷದ ಹಿಂದ ಮೊದಲು ಕೈಬೆರಳು ಬಾತವು. ಮುಂಜಾನೆದ್ದು ಸೀರಿಗಿ ಕೊಂಡಿ ಹಾಕಾಕ ಬರ್ತಿದ್ದಿಲ್ಲ, ಹತ್ತು ಗಂಟೆ ಆದಮ್ಯಾಲೆ ಬೆರಳು ಸಡ್ಲ ಆಗ್ತಿದ್ದವು. ಆಮ್ಯಾಲೆ ಮಣಿಕಟ್ಟು, ಪಾದ, ಈಗ ಎರಡೂ ಮೊಣಕಾಲು. ರಕ್ತ ತಪಾಸಣಿ ಮಾಡಿ ರುಮಟಾಯ್ಡ್ ಸಂಧಿವಾತ ಅಂದಾರ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಗುಳಿಗಿ ನಡದೈತಿ, ನಡುನಡುವ ಬಿಟ್ಟಾಳ. ಈಗ ಬಲಗಾಲು ಪೂರಾ ನೆಟ್ಟಗ ಆಗೂದಿಲ್ಲ, ರಾತ್ರಿ ನಿದ್ದಿ ಇಲ್ಲ. ಬಾಗಲಕೋಟಿ ಡಾಕ್ಟರು ಎರಡೂ ಮೊಣಕಾಲು ಬದಲಿಸಬೇಕು ಅಂತ ಹೇಳ್ಯಾರ. ನಮ್ಮಣ್ಣ ಬ್ಯಾಡ ಅಂತಾನ. ಹುನಗುಂದದಾಗ ನಮ್ಮ ಬೀಗರೊಬ್ಬರಿಗೆ ಆಪರೇಷನ್ ಆಗಿ ಎರಡು ವರ್ಷಕ್ಕ ಮೊಣಕಾಲಾಗ ಕೀವಾಗಿ ಮತ್ತ ಕೊಯ್ಯಬೇಕಾತು. ‘ಈ ರೋಗ ಇದ್ದವರಿಗೆ ಅದು ತಾಳೂದಿಲ್ಲ, ಹತ್ತು ವರ್ಷಕ್ಕ ಮತ್ತ ಮಾಡಿಸಬೇಕಾಕ್ಕತಿ, ಅರವತ್ತು ದಾಟಲಿ’ ಅಂತಾನ. ಅವ್ವ ಏನೂ ಮಾತಾಡೂದಿಲ್ಲ. ಅಕಿ ಮತ್ತ ಮಗ್ಗಕ್ಕ ಕುಂದರಬಹುದೇನು? ಏನು ಮಾಡೂಣು ಹೇಳ್ರಿ.
— ಒಬ್ಬ ಓದುಗರು, ಬಾದಾಮಿ

ಉತ್ತರ: ತಂಗಿ, ನಿಮ್ಮಣ್ಣನ ಮಾತಿನಲ್ಲಿ ಅರ್ಧ ನಿಜವಿದೆ. ಕೀವಿನ ಅಂಜಿಕೆ ನಿಜ. ‘ತಾಳೂದಿಲ್ಲ’ ಅನ್ನುವುದು ನಿಜವಲ್ಲ. ‘ಅರವತ್ತು ದಾಟಲಿ’ ಅನ್ನುವುದಂತೂ ನಿಮ್ಮ ಅವ್ವನ ಮಟ್ಟಿಗೆ ಹಾನಿಯ ಮಾತು. ನಿಮ್ಮಣ್ಣನ ಕಾಳಜಿ ದೊಡ್ಡದು, ಆದರೆ ಅದು ತಪ್ಪು ಜಾಗಕ್ಕೆ ಹೋಗಿ ಕೂತಿದೆ.

ನೀವು ಬರೆದ ಕೊಂಡಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಇಳಕಲ್ ಸೀರೆಯ ಒಡಲಿನ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಬೆರಳ ತುದಿ ಮತ್ತು ಗೆಣ್ಣು ಎರಡೂ ಮಾತು ಕೇಳಿದರಷ್ಟೇ ಆಗುವ ಕೆಲಸ ಅದು. 39ನೆಯ ವಯಸ್ಸಿಗೆ ಎರಡೂ ಕೈಯ ಗೆಣ್ಣು ಬಾತು, ಬೆಳಗಿನ ಬಿಗಿತ ತಾಸುಗಟ್ಟಲೆ ಸಡಿಲವಾಗದೆ, ಹೊತ್ತೇರಿದ ಮೇಲೆ ಕೈ ಮಾತು ಕೇಳುತ್ತಿತ್ತು ಎಂದರೆ ಅದು ವಯಸ್ಸಿನ ಸವೆತವಲ್ಲ. ಸವೆತದ ನೋವು ದುಡಿದಷ್ಟೂ ಏರುತ್ತದೆ, ಕೂತರೆ ಇಳಿಯುತ್ತದೆ. ಸಂಧಿವಾತ ಉಲ್ಟಾ. ಇಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ತನ್ನದೇ ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಆ ಪದರ ಊದಿ, ದಪ್ಪವಾಗಿ, ಮೃದ್ವಸ್ಥಿಯನ್ನೂ ಎಲುಬಿನ ಅಂಚನ್ನೂ ತಿನ್ನುತ್ತ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಮೊಣಕಾಲು ಇದರ ಒಂದು ಬಲಿ ಮಾತ್ರ. ಮುಂದಿನ ಎಲ್ಲ ಮಾತಿಗೂ ಇದೇ ಬುಡ: ಆಪರೇಷನ್ ಮೊಣಕಾಲಿಗೆ ಆಗುತ್ತದೆ, ರೋಗಕ್ಕೆ ಆಗುವುದಿಲ್ಲ.

(ನಡುವೆ ಒಂದು ಮಾತು, ಇಳಕಲ್-ಹುನಗುಂದ ಕಡೆಯ ಬೇರೆ ಓದುಗರಿಗೆ. ನಿಮ್ಮ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಬೆನ್ನು, ಕುತ್ತಿಗೆ, ಕೀಲು ಬಿಗಿಯುತ್ತವೆ, ಅದನ್ನೂ ‘ವಾತ’ ಅಂತಲೇ ಕರೆಯುತ್ತಾರೆ. ಆಂಟಿ ಸಿಸಿಪಿ, ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಮಾಡಿಸದೆ ಸಂಧಿವಾತದ ಗುಳಿಗೆ ನುಂಗಬೇಡಿ.)

ಈಗ ‘ಎಷ್ಟು ವರ್ಷ ಬಾಳುತ್ತದೆ’ ಎಂಬ ಪ್ರಶ್ನೆ. ಪ್ರಧಾನಿಯಾಗಿದ್ದ ವಾಜಪೇಯಿಯವರ ಮೊಣಕಾಲು ಆಪರೇಷನ್ ಸುದ್ದಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಅದನ್ನು ಮಾಡಿದ ಡಾ. ಚಿತ್ತರಂಜನ್ ರಾಣಾವತ್ ನ್ಯೂಯಾರ್ಕಿನ ಶಸ್ತ್ರವೈದ್ಯರು. ಇಂದಿನ ಕೃತಕ ಮೊಣಕಾಲುಗಳಿಗೆಲ್ಲ ತಾಯಿಬೇರಿನಂತಿರುವ ‘ಟೋಟಲ್ ಕಂಡೈಲರ್’ ಮೊಣಕಾಲು 1974ರಲ್ಲಿ ಬಳಕೆಗೆ ಬಂದದ್ದು ಅಲ್ಲಿಂದಲೇ, ಅದನ್ನು ರೂಪಿಸಿದ ತಂಡದಲ್ಲಿ ಅವರೂ ಇದ್ದರು. ವಾಜಪೇಯಿಯವರದು ಸವೆತ. ಆದರೆ ಎಪ್ಪತ್ತರ ದಶಕದ ಆ ಮೊದಲ ಕಾಲದಲ್ಲಿ ಈ ಮೊಣಕಾಲು ಹಾಕಿಸಿಕೊಂಡವರಲ್ಲಿ ದೊಡ್ಡ ಪಾಲು ಸಂಧಿವಾತದವರದೇ ಆಗಿತ್ತು. ಆಗ ಒಳ್ಳೆಯ ಔಷಧಿ ಇರಲಿಲ್ಲ, ಕೀಲುಗಳು ಬೇಗ ಹಾಳಾಗುತ್ತಿದ್ದವು. ಹಾಗಾಗಿ ‘ಈ ರೋಗದವರಿಗೆ ಇದು ಆಗುತ್ತದೆಯೇ’ ಎನ್ನುವುದಕ್ಕೆ ಐವತ್ತು ವರ್ಷದ ಉತ್ತರ ನಮ್ಮ ಬಳಿ ಇದೆ. ಆಗುತ್ತದೆ. ಸಂಧಿವಾತದವರಲ್ಲಿ ಹತ್ತು ವರ್ಷದ ನಂತರವೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮೊಣಕಾಲು ಗಟ್ಟಿಯಾಗಿಯೇ ಇರುತ್ತವೆ. ಕೀಲು ಸಡಿಲವಾಗುವ ತೊಂದರೆ ಇವರಲ್ಲಿ ಸವೆತದವರಿಗಿಂತ ಹೆಚ್ಚಿಲ್ಲ. ಇವರು ಓಡಾಡುವುದೇ ಕಡಿಮೆ, ಲೋಹದ ನಡುವಿನ ಪ್ಲಾಸ್ಟಿಕ್ ಸವೆಯುವುದೂ ಕಡಿಮೆ.

ಎಲ್ಲ ಬಗೆಯ ರೋಗಿಗಳನ್ನೂ ಸೇರಿಸಿ ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್ ದೇಶಗಳ ದಾಖಲೆ ನೋಡಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕದಲ್ಲಿ, ಇಡೀ ಮೊಣಕಾಲು ಬದಲಿಸಿದವರಲ್ಲಿ ಸುಮಾರು 82 ಪ್ರತಿಶತದಷ್ಟು ಕೀಲುಗಳು 25 ವರ್ಷ ಬಾಳಿದ್ದವು. ಅದರಲ್ಲಿ ಬಹುಪಾಲು ಸವೆತದವರು, ಅದನ್ನು ನೆನಪಿಡಿ. ವಯಸ್ಸು ಕಡಿಮೆ ಇದ್ದಷ್ಟು ಮರು ಆಪರೇಷನ್ ಸಾಧ್ಯತೆ ಏರುತ್ತದೆ ಎನ್ನುವುದೂ ಸರಿ. ಬ್ರಿಟನ್ನಿನ ಲೆಕ್ಕದಲ್ಲಿ, ಐವತ್ತರ ಆರಂಭದಲ್ಲಿ ಮಾಡಿಸಿದ ಹೆಂಗಸರಲ್ಲಿ ಬದುಕಿನುದ್ದಕ್ಕೂ ಸುಮಾರು ಐವರಲ್ಲಿ ಒಬ್ಬರಿಗೆ ಎರಡನೆಯ ಸಲ ಬೇಕಾಗುತ್ತದೆ. ಅಂದರೆ ಐವರಲ್ಲಿ ನಾಲ್ವರಿಗೆ ಬೇಕಾಗುವುದಿಲ್ಲ. ನಿಮ್ಮಣ್ಣ ಆ ಒಬ್ಬರನ್ನು ನೋಡಿದ್ದಾರೆ.

ಕಾಯುವುದರ ಬೆಲೆ ಏನು? ನಿಮ್ಮ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು, ‘ಬಲಗಾಲು ಪೂರಾ ನೆಟ್ಟಗ ಆಗೂದಿಲ್ಲ’ ಅನ್ನುವುದು. ನೋವಿಗೆ ಅಂಜಿ ಕಾಲು ಮಡಚಿಕೊಂಡೇ ಮಲಗಿದರೆ ಹಿಂಬದಿಯ ನರ-ಸ್ನಾಯುಗಳು ಹಾಗೆಯೇ ಬಿಗಿಯುತ್ತವೆ. ಹತ್ತು ಡಿಗ್ರಿ ಬಾಗಿದ ಕಾಲು ನಾಲ್ಕು ವರ್ಷಕ್ಕೆ ನಲವತ್ತಾದೀತು. ತೊಡೆಯ ಸ್ನಾಯು ಕರಗುತ್ತದೆ, ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಎಲುಬು ಇನ್ನಷ್ಟು ತೆಳುವಾಗುತ್ತದೆ. ಅಂಥ ಕಾಲಿಗೆ ಅರವತ್ತಕ್ಕೆ ಆಪರೇಷನ್ ಮಾಡಿದರೆ ವೈದ್ಯರಿಗೆ ಎಲುಬು ಹೆಚ್ಚು ಕತ್ತರಿಸಬೇಕಾಗುತ್ತದೆ, ಕೆಲವೊಮ್ಮೆ ಬೇರೆಯೇ ಬಗೆಯ ದೊಡ್ಡ ಕೀಲು ಹಾಕಬೇಕಾಗುತ್ತದೆ. ನಡಿಗೆಯೂ ಪೂರ್ತಿ ಮರಳುವುದಿಲ್ಲ. ನೋವಿನಿಂದ ನಿದ್ದೆ ಹೋಗಿ, ಕಾಲು ಬಾಗತೊಡಗಿ, ಎಕ್ಸ್‌ರೇಯಲ್ಲಿ ಕೀಲಿನ ಜಾಗವೇ ಮುಚ್ಚಿದೆ ಎಂದಾದರೆ ಇನ್ನು ವಯಸ್ಸು ಎಣಿಸುತ್ತ ಕೂಡುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮೊಣಕಾಲಿನ ನೋವು ಹೋಗುತ್ತದೆ, ಆ ಸುಖದಲ್ಲಿ ಸಂಧಿವಾತದವರು ಸವೆತದವರಿಗೆ ಕಡಿಮೆ ಇಲ್ಲ. ಆದರೆ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಮೊಣಕಾಲೊಂದೇ ತೀರ್ಮಾನಿಸುವುದಿಲ್ಲ. ಪಾದದ ಬೆರಳು ಸೊಟ್ಟಾಗಿದ್ದರೆ, ಹಿಮ್ಮಡಿ ವಾಲಿದ್ದರೆ, ಸೊಂಟದ ಕೀಲು ಹಿಡಿದಿದ್ದರೆ, ಹೊಸ ಮೊಣಕಾಲು ಇದ್ದೂ ನಡಿಗೆ ನಿಧಾನವೇ. ಸೊಂಟವೂ ಕೆಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಸೊಂಟ, ನಂತರ ಮೊಣಕಾಲು. ಇದನ್ನು ವೈದ್ಯರ ಬಳಿ ಕೇಳಿ.

ಇನ್ನು ಕೀವು. ಇದರ ಮೇಲೆ ಸ್ವಲ್ಪ ಹೊತ್ತು ಕೂಡೋಣ, ಏಕೆಂದರೆ ನಿಮ್ಮಣ್ಣನ ಅಂಜಿಕೆಯ ನಿಜವಾದ ಅರ್ಧ ಇಲ್ಲಿದೆ.

ಮೊಣಕಾಲು ಬದಲಿಸಿದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಒಳಗೆ ಸೋಂಕಾಗುತ್ತದೆ. ಸಂಧಿವಾತದವರಿಗೆ ಈ ಅಪಾಯ ಹೆಚ್ಚು. ನಾರ್ವೆ ದೇಶದ ಕೀಲು ಬದಲಾವಣೆಯ ರಾಷ್ಟ್ರೀಯ ದಾಖಲೆ ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿನಿಂದ ಮರು ಆಪರೇಷನ್ ಬೇಕಾಗುವ ಸಾಧ್ಯತೆ ಸಂಧಿವಾತದವರ ಮೊಣಕಾಲಿನಲ್ಲಿ 1.6 ಪಟ್ಟು ಇತ್ತು. ಅದಕ್ಕಿಂತ ಮುಖ್ಯವಾದದ್ದು, ಆರು ವರ್ಷ ಕಳೆದ ಮೇಲೂ ಆ ಅಪಾಯ ಇಳಿದಿರಲಿಲ್ಲ. ಹುನಗುಂದದ ನಿಮ್ಮ ಬೀಗರಿಗೆ ಎರಡು ವರ್ಷಕ್ಕೆ ಆದದ್ದು ಆಪರೇಷನ್ ದಿನದ ತಪ್ಪೇ ಆಗಿರಬೇಕೆಂದಿಲ್ಲ. ಮೈಯಲ್ಲಿ ಬೇರೆಲ್ಲೋ ಆದ ಸೋಂಕು ರಕ್ತದಲ್ಲಿ ಹರಿದು ಬಂದು ಲೋಹದ ಮೇಲೆ ಬೀಡುಬಿಡುತ್ತದೆ. ಹುಳುಕು ಹಲ್ಲು, ಉರಿಮೂತ್ರ, ಒಡೆದ ಹಿಮ್ಮಡಿ, ಕಾಲಿಗೆ ನಟ್ಟ ಜಾಲಿಮುಳ್ಳು, ಎಲ್ಲವೂ ಅದಕ್ಕೆ ದಾರಿ. ಬನಶಂಕರಿ ಜಾತ್ರೆಗೆ ಬರಿಗಾಲಲ್ಲಿ ನಡೆದು ಹೋಗುವ, ಯುಗಾದಿ ಮುಂದೆ ಶ್ರೀಶೈಲದ ಪಾದಯಾತ್ರೆಗೆ ಹೊರಡುವ ಸೀಮೆ ನಮ್ಮದು. ಹೊಸ ಮೊಣಕಾಲಿನ ಸಂಧಿವಾತದವರು ಚಪ್ಪಲಿ ಮೆಟ್ಟಿಯೇ ಬಾದಾಮಿ ಬಸ್ ಹತ್ತಿದರೂ ಬನಶಂಕರಮ್ಮ ಸಿಟ್ಟಾಗುವುದಿಲ್ಲ.

ಆಪರೇಷನ್‌ಗೆ ಮುಂಚೆ ಹಲ್ಲು ತೋರಿಸಿ. ಬಾಗಲಕೋಟೆಯಲ್ಲಿ ದಂತ ಕಾಲೇಜೇ ಇದೆ, ಕೀಳಬೇಕಾದ ಹಲ್ಲು ಇದ್ದರೆ ಮೊದಲೇ ಕೀಳಿಸಿ, ಗಾಯ ಮಾಯಲಿ. ಮೂತ್ರ ಪರೀಕ್ಷೆ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಈ ರೋಗದಲ್ಲಿ ರಕ್ತಹೀನತೆ ಸಾಮಾನ್ಯ, ಅದನ್ನು ಸರಿಪಡಿಸಿಕೊಂಡೇ ಹೋಗುವುದು ಒಳ್ಳೆಯದು. ಅವ್ವನಿಗೆ ತಂಬಾಕಿನ ಚಟವಿದ್ದರೆ ಈಗಲೇ ಬಿಡಿಸಿ, ಗಾಯ ಮಾಯಲು ಅದು ಬಿಡುವುದಿಲ್ಲ. ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಮಹಾಂತ ಜೋಳಿಗೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಪರೇಷನ್ ಆಗಿ ವರ್ಷಗಳ ಮೇಲೆ ಒಂದು ದಿನ ಆ ಮೊಣಕಾಲೊಂದೇ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಜ್ವರ ಬಂದರೆ ‘ವಾತ ಎದ್ದೈತಿ’ ಅಂದುಕೊಳ್ಳಬೇಡಿ. ವಾತ ಎದ್ದರೆ ನಾಲ್ಕಾರು ಕೀಲು ಒಟ್ಟಿಗೆ ಏಳುತ್ತವೆ. ಬದಲಿಸಿದ ಕೀಲು ಒಂಟಿಯಾಗಿ ಕೆಂಡವಾದರೆ ಅದು ಸೋಂಕಲ್ಲ ಎಂದು ಸಾಬೀತಾಗುವವರೆಗೆ ಸೋಂಕೇ. ಊರ ಡಾಕ್ಟರ ಬಳಿ ಆಂಟಿಬಯಾಟಿಕ್ ಇಂಜೆಕ್ಷನ್ ಮಾಡಿಸಿ ನಾಲ್ಕು ದಿನ ಕಾಯುವುದೇ ಎಲ್ಲಕ್ಕಿಂತ ದುಬಾರಿ. ಮೊದಲು ಮೊಣಕಾಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು, ಆಮೇಲೆ ಔಷಧಿ. ಇಂಜೆಕ್ಷನ್ ಮೊದಲಾದರೆ ರೋಗಾಣು ಯಾವುದೆಂದು ಗೊತ್ತಾಗದೆ ಹೋಗುತ್ತದೆ. ಒಂದೆರಡು ದಿನದಲ್ಲಿ ಶಸ್ತ್ರವೈದ್ಯರ ಬಳಿ ಮುಟ್ಟಿದರೆ ತೊಳೆದು ಉಳಿಸುವ ಅವಕಾಶವಿದೆ. ತಡವಾದರೆ ಕೀಲು ತೆಗೆದು, ತಿಂಗಳುಗಟ್ಟಲೆ ಔಷಧಿ ಕೊಟ್ಟು, ಮತ್ತೆ ಹಾಕಬೇಕು. ನಿಮ್ಮ ಬೀಗರು ಪಟ್ಟ ಪಾಡು ಬಹುಶಃ ಇದೇ ಇರಬೇಕು.

ಗುಳಿಗೆಗಳ ವಿಷಯದಲ್ಲಿ ಜನ ಎರಡು ಕಡೆಗೂ ತಪ್ಪುತ್ತಾರೆ. ಆಪರೇಷನ್ ಎಂದಕೂಡಲೇ ಮೆಥೋಟ್ರೆಕ್ಸೇಟ್ ನಿಲ್ಲಿಸಿಬಿಡುವವರಿದ್ದಾರೆ. ಅಮೆರಿಕದ ಸಂಧಿವಾತ ತಜ್ಞರ ಹಾಗೂ ಕೀಲು ಶಸ್ತ್ರವೈದ್ಯರ ಸಂಘಗಳು ಕೂಡಿ 2017ರಲ್ಲಿ ಮಾಡಿ, 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್, ಲೆಫ್ಲುನೊಮೈಡ್ ಇವನ್ನು ನಿಲ್ಲಿಸಬೇಕಿಲ್ಲ. ನಿಲ್ಲಿಸಿದರೆ ರೋಗ ಕೆರಳಿ, ಕೈ ಊದಿ, ವಾಕರ್ ಹಿಡಿಯಲಾಗದೆ ವ್ಯಾಯಾಮ ಕೆಡುತ್ತದೆ. ದುಬಾರಿ ಬಯಾಲಾಜಿಕ್ ಇಂಜೆಕ್ಷನ್‌ಗಳ ಮಾತು ಬೇರೆ: ಒಂದು ಸರದಿ ತಪ್ಪಿಸಿ, ಆಪರೇಷನ್ ಮಾಡಿ, ಹೊಲಿಗೆ ಬಿಚ್ಚಿ ಗಾಯ ಒಣಗಿದ ಮೇಲೆ, ಸುಮಾರು ಎರಡು ವಾರಕ್ಕೆ ಮತ್ತೆ ಶುರು. ಅವ್ವನ ಲಿವರ್, ಕಿಡ್ನಿ ಪರೀಕ್ಷೆ ನೋಡಿ ಕೊನೆಯ ಮಾತು ಹೇಳಬೇಕಾದವರು ಅವರ ವೈದ್ಯರೇ. ಇನ್ನೊಂದು ಕಡೆಯ ತಪ್ಪು, ಹೊಸ ಮೊಣಕಾಲು ಬಂತು, ನೋವು ಹೋಯಿತು, ಇನ್ನೇಕೆ ಗುಳಿಗೆ ಎನ್ನುವುದು. ನಿಮ್ಮ ಅವ್ವ ಈಗಾಗಲೇ ನಡುನಡುವೆ ಬಿಟ್ಟವರು, ಹಾಗಾಗಿ ಇದು ಅವರಿಗೇ ಹೇಳಿದ ಮಾತು ಅಂದುಕೊಳ್ಳಿ. ಹತ್ತು ವರ್ಷದ ನಂತರ ಆಕೆ ನಡೆಯುತ್ತಾರೋ ಇಲ್ಲವೋ ಎಂಬುದನ್ನು ಲೋಹದ ಕಂಪನಿಗಿಂತ ಆ ವಾರದ ಗುಳಿಗೆ ಹೆಚ್ಚು ತೀರ್ಮಾನಿಸುತ್ತದೆ. ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ, ದಿನಾ ಅಲ್ಲ. ದಿನಾ ನುಂಗಿ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಸೋಮವಾರ ಎಂದರೆ ಸೋಮವಾರ, ಕ್ಯಾಲೆಂಡರಿನ ಮೇಲೆ ಕೆಂಪು ಗುರುತು ಹಾಕಿಡಿ.

ಅವ್ವ ಎಂದಾದರೂ ಹಳ್ಳಿಯಲ್ಲಿ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ ತೆಗೆದುಕೊಂಡಿದ್ದಾರೆಯೇ? ‘ಎರಡೇ ದಿನಕ್ಕ ಎದ್ದು ಓಡ್ಯಾಡಿದ್ಲು’ ಅನ್ನುವಂಥದ್ದು? ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹೊಸ ಸಂಗತಿಯಲ್ಲ. ತಿಂಗಳುಗಟ್ಟಲೆ ತಿಂದ ಮೈ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನೇ ಮರೆಯುತ್ತದೆ, ಥಟ್ಟನೆ ನಿಲ್ಲಿಸಿದರೆ ಆಪರೇಷನ್ ಹೊತ್ತಿಗೆ ಬಿಪಿ ಕುಸಿಯಬಹುದು. ನಾಚಿಕೊಳ್ಳದೆ ಅರಿವಳಿಕೆ ಡಾಕ್ಟರಿಗೆ ಹೇಳಿ, ಪೊಟ್ಟಣ ಉಳಿದಿದ್ದರೆ ತೋರಿಸಿ. ಅವರಿಗೇ ಇನ್ನೊಂದು ಮಾತನ್ನೂ ನೆನಪಿಸಿ: ಕುತ್ತಿಗೆಯ ಎಕ್ಸ್‌ರೇ. ಹಳೆಯ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮಣಿಗಳ ನಡುವಿನ ಹಿಡಿತ ಸಡಿಲವಾಗಿರಬಹುದು. ಅದು ಗೊತ್ತಿಲ್ಲದೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ನಳಿಗೆ ಹಾಕಿದರೆ ಬೆನ್ನುಹುರಿಗೆ ಪೆಟ್ಟು. ಮೊಣಕಾಲಿಗೆ ಹೋದವರ ಕುತ್ತಿಗೆ ಏಕೆ ನೋಡುತ್ತಾರೆಂದು ನಿಮ್ಮಣ್ಣ ತಕರಾರು ತೆಗೆದರೆ ಇದೇ ಉತ್ತರ.

ಮಗ್ಗದ ಪ್ರಶ್ನೆಗೆ ಬರುತ್ತೇನೆ. ಹೊಸ ಮೊಣಕಾಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುರ್ಚಿಗೆ, ಮೆಟ್ಟಿಲಿಗೆ, ಬಸ್ಸಿಗೆ ಅಷ್ಟು ಸಾಕು. ಕುಣಿಮಗ್ಗದಲ್ಲಿ ಕೂತಾಗ ಕಾಲು ಕುಣಿಯೊಳಗೆ ಇಳಿಬಿಟ್ಟಿರುತ್ತದೆ, ಮೊಣಕಾಲು ತೊಂಬತ್ತರ ಆಸುಪಾಸು ಮಾತ್ರ ಬಾಗಿರುತ್ತದೆ. ಅಂದರೆ ಕೂತಿರುವುದು ಕಷ್ಟವಲ್ಲ, ಇಳಿಯುವುದು ಮತ್ತು ಏಳುವುದು ಕಷ್ಟ. ನೆಲಮಟ್ಟದಿಂದ ಏಳುವಾಗ ಮೊಣಕಾಲು ಪೂರ್ತಿ ಮಡಚಿ, ಕೆಟ್ಟ ಮಣಿಕಟ್ಟಿನ ಮೇಲೆ ಭಾರ ಹಾಕಬೇಕು. ಇದು ದಿನಕ್ಕೆ ಹತ್ತು ಸಲ ಆಗುವ ಕೆಲಸವಲ್ಲ. ಆದ್ದರಿಂದ ಕುಣಿಗೆ ಮರಳುವುದು ಬೇಡ ಎಂದೇ ನನ್ನ ಸಲಹೆ. ಕಂಡಿಕೆ ಸುತ್ತುವುದನ್ನು ಮೇಜಿನ ಮೇಲೆ, ಕುರ್ಚಿಯಲ್ಲಿ ಕೂತು ಮಾಡಬಹುದು. ನೆಲದ ಮೇಲೆ ನಿಲ್ಲಿಸಿದ ಎತ್ತರದ ಮಗ್ಗದಲ್ಲಿ ಕೂಡುವುದನ್ನು ಆರು ತಿಂಗಳ ನಂತರ ಫಿಸಿಯೋಥೆರಪಿಸ್ಟ್ ಜೊತೆ ಕೂತು ನಿರ್ಧರಿಸಿ. ರೊಟ್ಟಿ ಬಡಿಯುವುದು ನೆಲದಲ್ಲಿ ಕೂತು ಬೇಡ. ಕಟ್ಟೆಯ ಮೇಲೆ ನಿಂತು ಬಡಿಯಲು ಮಣಿಕಟ್ಟು ಬಿಟ್ಟರೆ ಸರಿ, ಇಲ್ಲವಾದರೆ ಸೊಸೆ ಬಡಿಯಲಿ, ಇಲ್ಲ ಅಣ್ಣನೇ ಕಲಿಯಲಿ. ಪಾಯಖಾನೆಗೆ ಕಮೋಡ್ ಕೂಡಿಸುವುದನ್ನು ಆಸ್ಪತ್ರೆಗೆ ಹೋಗುವ ಮೊದಲೇ ಮುಗಿಸಿ.

ಸಾಮಾನ್ಯವಾಗಿ ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಬೆರಳು, ಮಣಿಕಟ್ಟು ಕೆಟ್ಟವರಿಗೆ ಮಾಮೂಲಿ ವಾಕರ್ ಹಿಡಿಯಲು ಆಗುವುದಿಲ್ಲ, ಮುಂಗೈ ಊರುವ ತಟ್ಟೆಯಿರುವ ವಾಕರ್ ಕೇಳಿ ಪಡೆಯಿರಿ. ಮನೆಗೆ ಬಂದಮೇಲೆ ಪ್ರೀತಿಯಿಂದ ಎಲ್ಲರೂ ಮಾಡುವ ಒಂದು ಕೆಲಸವಿದೆ: ಮೊಣಕಾಲ ಕೆಳಗೆ ತಲೆದಿಂಬು ಇಡುವುದು. ಹಾಯೆನಿಸುತ್ತದೆ, ಆದರೆ ಕಾಲು ಬಾಗಿಯೇ ಬಿಗಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗೆ ಇರಲಿ, ಮೊಣಕಾಲು ತಾನೇ ಕೆಳಗಿಳಿದು ನೆಟ್ಟಗಾಗಲಿ. ಅವ್ವ ಬೈಯುತ್ತಾರೆ, ಬೈಯಲಿ.

ದುಡ್ಡಿನ ಮಾತು ಚಿಕ್ಕದು. ಹುಬ್ಬಳ್ಳಿಯಲ್ಲಿ ಓದಿದ ಅನಂತಕುಮಾರ್ ಕೇಂದ್ರ ಸಚಿವರಾಗಿದ್ದಾಗ, 2017ರ ಆಗಸ್ಟ್‌ನಲ್ಲಿ, ಕೃತಕ ಮೊಣಕಾಲಿಗೆ ಬೆಲೆ ಕಟ್ಟು ಬಂತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತುಮಾಡಿದ ಮಿತಿ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅದಕ್ಕೂ ಮುಂಚೆ ಒಂದೂವರೆ ಲಕ್ಷದ ಮಾತಿತ್ತು. ಆಸ್ಪತ್ರೆಯ ಬಿಲ್ಲಿನಲ್ಲಿ ಕೀಲಿನ ಬೆಲೆ, ಕಂಪನಿ ಪ್ರತ್ಯೇಕ ಬರೆದಿರಬೇಕು, ಕೀಲಿನ ಸ್ಟಿಕರ್ ಜೋಪಾನ ಮಾಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಆಸ್ಪತ್ರೆಯಲ್ಲಿ, ಯಾರ ಶಿಫಾರಸು ಚೀಟಿಯ ಮೇಲೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಭರ್ತಿಯಾಗುವ ಮೊದಲೇ ಕೇಳಿ. ಆಪರೇಷನ್ ಆದಮೇಲೆ ಓಡಾಡಿದರೆ ಆಗದು.

ಎರಡೂ ಮೊಣಕಾಲು ಒಂದೇ ಸಲವೋ, ಒಂದೊಂದಾಗಿಯೋ? ಎರಡೂ ಕಾಲು ಬಿಗಿದಿದ್ದರೆ ಒಟ್ಟಿಗೆ ಮಾಡುವುದಕ್ಕೆ ಕಾರಣವಿದೆ, ಒಂದು ನೆಟ್ಟಗಾಗಿ ಇನ್ನೊಂದು ಬಾಗಿದ್ದರೆ ಮೊದಲನೆಯದೂ ಮತ್ತೆ ಬಾಗುತ್ತದೆ. ಹೃದಯ, ಶ್ವಾಸಕೋಶ ಗಟ್ಟಿಯಿಲ್ಲದಿದ್ದರೆ ಒಂದೊಂದೇ ಕ್ಷೇಮ. ಇದನ್ನು ಕಾಗದದಲ್ಲಿ ತೀರ್ಮಾನಿಸಲು ಬರುವುದಿಲ್ಲ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಒಮ್ಮೆ ಸಂಧಿವಾತ ತಜ್ಞರಿಗೆ ತೋರಿಸಿ ರೋಗ ಹತೋಟಿಯಲ್ಲಿದೆಯೇ ಎಂದು ಬರೆಸಿಕೊಂಡು ಬಂದರೆ ಬಾಗಲಕೋಟೆಯ ಶಸ್ತ್ರವೈದ್ಯರಿಗೂ ಅನುಕೂಲ.

ಅವ್ವ ಮಾತಾಡುವುದಿಲ್ಲ ಎಂದು ಬರೆದಿದ್ದೀರಿ. ನೀವೂ ಅಣ್ಣನೂ ಕೂಡಿ ಮಾಡಿಸುವುದೋ ಬಿಡುವುದೋ ಎಂದು ವಾದ ಹೂಡಿದಾಗ ಹೆತ್ತವಳು ಸುಮ್ಮನಿರದೆ ಏನು ಮಾಡಿಯಾಳು? ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಬೇಜಾರು. ಒಮ್ಮೆ ಅಣ್ಣನಿಲ್ಲದಾಗ, ನೀವೂ ಆಪರೇಷನ್ ಮಾತೆತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಪಾಯಖಾನೆಗೆ ಹೇಗೆ ಹೋಗುತ್ತೀ, ಯಾವ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂದು ಕೇಳಿ. ಕುಣಿಮಗ್ಗ ಬಿಡಬೇಕಾದೀತು ಎಂಬುದನ್ನೂ ಆಗಲೇ ಹೇಳಿ. ಅದು ಆಕೆಯ ದುಡಿಮೆ, ಆಪರೇಷನ್ ಆದಮೇಲೆ ತಿಳಿಯಬಾರದು. ಮುಂದಿನ ಸಲ ಬಾಗಲಕೋಟೆಗೆ ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ, ಹುನಗುಂದದ ಬೀಗರ ಸಂಗತಿಯನ್ನು ಅವರೇ ವೈದ್ಯರ ಮುಂದೆ ಹೇಳಿ, ನಿಮ್ಮಲ್ಲಿ ಸಂಧಿವಾತದವರಿಗೆ ಎಷ್ಟು ಮಾಡಿದ್ದೀರಿ, ಎಷ್ಟು ಜನರಿಗೆ ಕೀವಾಯಿತು, ಆದಾಗ ಏನು ಮಾಡಿದಿರಿ ಎಂದು ನೇರವಾಗಿ ಕೇಳಲಿ. ಈ ಪ್ರಶ್ನೆಗೆ ಸಿಡಿಮಿಡಿಗೊಳ್ಳದೆ ಕೂತು ಉತ್ತರ ಕೊಡುವ ವೈದ್ಯರಾದರೆ ಅಲ್ಲಿಯೇ ಮಾಡಿಸಿ.